ನಮ್ಮ ಮನೆಗೆ ಲೇತ್ ಬಂದದ್ದು

"ಅರ್ಧ ಮೂಟೆ ಅಕ್ಕಿ ಒಳಗಿಡೋಕೆ ಪಕ್ಕದ ಮನೆ ಹುಡುಗನನ್ನು ಕರೀತೀರಿ. ಮುನ್ನೂರು ಕೆಜಿ ಕಬ್ಬಿಣ ತಂದು ಏನು ಮಾಡ್ತೀರಿ?"

ಇದು ನನ್ನಾಕೆಯ ಪ್ರಶ್ನೆ. ನ್ಯಾಯವಾದ ಪ್ರಶ್ನೆಯೇ. ನನಗೀಗ ಎಪ್ಪತ್ತನಾಲ್ಕು. ಓದಿದ್ದು ಬಿ.ಕಾಂ. ಬ್ಯಾಂಕಿನಲ್ಲಿ ಮೂವತ್ತೇಳು ವರ್ಷ ಗುಮಾಸ್ತನಾಗಿದ್ದೆ. ಕೈಯಲ್ಲಿ ಹಿಡಿದ ಅತಿ ಭಾರದ ವಸ್ತು ಎಂದರೆ ಹಳೆಯ ಕಾಲದ ಲೆಡ್ಜರು. ಆದರೆ ನಿವೃತ್ತಿಯ ನಂತರ ಕಾರ್ ಶೆಡ್ಡಿನಲ್ಲಿ (ಕಾರು ಎಂದೂ ಬರಲಿಲ್ಲ, ಶೆಡ್ಡು ಮಾತ್ರ ಉಳಿದಿತ್ತು) ಸಣ್ಣಪುಟ್ಟ ಮರಗೆಲಸ ಕಲಿತೆ. ಮಣೆ, ಪುಸ್ತಕದ ಸ್ಟ್ಯಾಂಡು, ದೇವರ ಪೀಠ ಎಲ್ಲ ಮಾಡಿದೆ. ಎಲ್ಲವೂ ಚೌಕ. ದುಂಡನೆಯದು ಒಂದೂ ಇಲ್ಲ.

ಒಂದು ದಿನ ಒಂಬತ್ತು ವರ್ಷದ ಮೊಮ್ಮಗ, "ತಾತ, ನೀವು ಬುಗುರಿ ಮಾಡ್ತೀರಾ?" ಅಂದ. ಗರಗಸ, ಉಳಿ, ಅರ ಎಲ್ಲ ಹಿಡಿದು ಎರಡು ದಿನ ಒದ್ದಾಡಿದೆ. ಆದ ಬುಗುರಿ ಬದನೆಕಾಯಿಯ ಹಾಗಿತ್ತು. ಚಾಟಿ ಸುತ್ತಿ ಬಿಟ್ಟರೆ ತಿರುಗದೆ ಮಲಗಿತು. ಮೊಮ್ಮಗ ಮರ್ಯಾದಸ್ಥ, ನಗಲಿಲ್ಲ. ನನಗೆ ಮಾತ್ರ ಮರ ಕಡೆಯುವ ಲೇತ್ ಬೇಕೆಂಬ ಹುಳ ತಲೆಯಲ್ಲಿ ಹೊಕ್ಕಿತು. ನಮ್ಮ ಹಿಂದಿನವರು ಕಡಚಲು ಕೆಲಸ ಎನ್ನುತ್ತಿದ್ದರಲ್ಲ, ಅದಕ್ಕೆ ಬೇಕಾದ ಯಂತ್ರ. ತೊಟ್ಟಿಲಿನ ಕಂಬ, ಮಂಚದ ಕಾಲು, ಕಡಗೋಲು, ಲಟ್ಟಣಿಗೆ, ಬುಗುರಿ ಎಲ್ಲ ಹುಟ್ಟುವುದು ಅದರ ಹೊಟ್ಟೆಯಲ್ಲೇ.

ಹೊಸದರ ಬೆಲೆ ಕೇಳಿ ಸುಮ್ಮನಾದೆ. ನಮ್ಮ ಬಡಾವಣೆಯ ಬಡಗಿಯೊಬ್ಬರು, "ಚನ್ನಪಟ್ಟಣದಲ್ಲಿ ಒಬ್ಬರು ಹಳೇ ಲೇತ್ ಮಾರ್ತಾ ಇದಾರೆ. ಬೀಡು ಕಬ್ಬಿಣದ್ದು. ಈಗ ಅಂಥದ್ದು ಬರಲ್ಲ, ಹೋಗಿ ನೋಡಿ" ಎಂದರು. ಚನ್ನಪಟ್ಟಣ ಎಂದಾಗ ನನ್ನ ಕಿವಿ ನೆಟ್ಟಗಾಯಿತು. 1983ರಿಂದ ಆರು ವರ್ಷ ಅಲ್ಲಿನ ಶಾಖೆಯಲ್ಲಿ ಕೆಲಸ ಮಾಡಿದ್ದೆ. ಮೈಸೂರಿನಿಂದ ಸುಮಾರು 80 ಕಿಲೋಮೀಟರ್. ಒಂದು ಮಂಗಳವಾರ ಬೆಳಿಗ್ಗೆ ಬಸ್ಸು ಹತ್ತಿದೆ.

ಬಡಗಿ ಹೇಳಿದ ಗುರುತು ಹಿಡಿದು ಹೋದರೆ ಆರಡಿ ಅಗಲದ ಓಣಿ. ಓಣಿಯ ತುದಿಯಲ್ಲಿ ಹೆಂಚಿನ ಮನೆ, ಪಕ್ಕದಲ್ಲಿ ತಗಡಿನ ಶೆಡ್ಡು. ಎಲ್ಲೋ ನೋಡಿದ ಹಾಗಿದೆಯಲ್ಲ ಎನಿಸಿತು. ಬಾಗಿಲಲ್ಲಿ ಬಿಳಿಗಡ್ಡದ, ನನಗಿಂತ ನಾಲ್ಕೈದು ವರ್ಷ ಕಿರಿಯರೊಬ್ಬರು ಕೂತಿದ್ದರು. ನಾನು, "ಮೇಸ್ತ್ರಿಗಳೇ, ಲೇತ್ ನೋಡೋಕೆ ಬಂದೆ" ಎಂದೆ. ಅವರು ತಲೆ ಎತ್ತಲಿಲ್ಲ, ಮೊದಲು ನನ್ನ ದನಿಯನ್ನೇ ಕೇಳಿಸಿಕೊಂಡರು. ಆಮೇಲೆ ಕಣ್ಣು ಕಿರಿದು ಮಾಡಿ ನೋಡಿ, "ನೀವು ಬ್ಯಾಂಕಿನೋರಲ್ವಾ ಸಾರ್?" ಎಂದರು.

ಆ ಕ್ಷಣ ನನಗೂ ನೆನಪಾಯಿತು. ಹೊಟ್ಟೆಯೊಳಗೆ ಏನೋ ಜಾರಿದ ಹಾಗಾಯಿತು.

1985ರಲ್ಲಿ ಈ ಲೇತಿನ ಬೆಲೆ 9,000 ರೂಪಾಯಿ. ಅದರಲ್ಲಿ 7,500 ಬ್ಯಾಂಕಿನ ಸಾಲ, ತಿಂಗಳಿಗೆ 250ರ ಕಂತು. ಲೆಡ್ಜರಿನಲ್ಲಿ ಆ ಖಾತೆ ಬರೆದವನು ನಾನೇ. 1987ರಲ್ಲಿ ಮೇಸ್ತ್ರಿಗೆ ಕಾಮಾಲೆ ಬಂದು ಮಲಗಿದರು. ಮೂರು ಕಂತು ನಿಂತಿತು. ಮ್ಯಾನೇಜರು ನೋಟಿಸು ಕೊಟ್ಟು ಬರಲು ಹೇಳಿದರು. ನಾನೇ ಟೈಪು ಮಾಡಿ, ಅಟೆಂಡರನ್ನು ಕರೆದುಕೊಂಡು ಇದೇ ಅಂಗಳಕ್ಕೆ ಬಂದಿದ್ದೆ. ನೋಟಿಸು ಇಂಗ್ಲಿಷಿನಲ್ಲಿತ್ತು. "ಏನ್ ಬರ್ದೈತೆ ಸಾರ್?" ಎಂದು ಅವರು ಕೇಳಿದರು. ಒಳಗೆ ಕರೆದು ಮೆಲ್ಲಗೆ ಹೇಳಬಹುದಿತ್ತು. ನಾನು ಅಂಗಳದಲ್ಲೇ ನಿಂತು, ಏಳೆಂಟು ಜನ ಅಕ್ಕಪಕ್ಕದವರ ಎದುರು, ಬಾಕಿ ಎಷ್ಟು, ಕಟ್ಟದಿದ್ದರೆ ಯಂತ್ರವನ್ನು ಹೇಗೆ ಎತ್ತಿಕೊಂಡು ಹೋಗುತ್ತೇವೆ ಎಂಬುದನ್ನೆಲ್ಲ ಗಟ್ಟಿಯಾಗಿ ಕನ್ನಡದಲ್ಲಿ ಓದಿ ಹೇಳಿದೆ. ಬಾಗಿಲಲ್ಲಿ ಅವರ ಮಗು ಬಣ್ಣ ಹಾಕದ ಗಿಲಕಿ ಹಿಡಿದು ನಿಂತಿತ್ತು. ಆ ವಯಸ್ಸಿನಲ್ಲಿ ಅದನ್ನು ನಾನು ಕರ್ತವ್ಯ ಎಂದುಕೊಂಡಿದ್ದೆ.

ಈಗ ಅವರು ಏನನ್ನೂ ಎತ್ತಲಿಲ್ಲ. "ಬನ್ನಿ ಸಾರ್, ಕೂತ್ಕೊಳ್ಳಿ. ಟೀ ಕುಡೀತೀರಾ?" ಎಂದರು.

ಲೇತ್ ಶೆಡ್ಡಿನ ನಡುವೆ ನಿಂತಿತ್ತು. ಐದಡಿಯ ಬೆಡ್ಡು, ಎರಡು ಬೀಡು ಕಬ್ಬಿಣದ ಕಾಲು, ಒಂದು ಎಚ್‌ಪಿ ಮೋಟರು. ಮೇಸ್ತ್ರಿಯ ಕಣ್ಣಿಗೆ ಪೊರೆ ಬಂದಿದೆ, ಕೈಯೂ ನಡುಗುತ್ತದೆ. ಮಗ ಶಾಲೆಯ ವ್ಯಾನು ಓಡಿಸುತ್ತಾನೆ. ಶೆಡ್ಡು ಕೆಡವಿ ಬಾಡಿಗೆಗೆ ಎರಡು ರೂಮು ಕಟ್ಟುವ ಯೋಚನೆ. "ಗುಜರಿಯವ 280 ಕೆಜಿ ಅಂತ ಅಂದಾಜು ಹಾಕ್ದ. ಕೆಜಿಗೆ 32 ಅಂದ" ಎಂದರು. ಗುಮಾಸ್ತನ ತಲೆ ಸುಮ್ಮನಿರುತ್ತದೆಯೇ? ಮನಸ್ಸಿನಲ್ಲೇ ಗುಣಿಸಿದೆ. 8,960. ನಲವತ್ತು ವರ್ಷ ದುಡಿದ ಮೇಲೂ ಕೊಂಡ ಬೆಲೆಗೆ ನಲವತ್ತೇ ರೂಪಾಯಿ ಕಡಿಮೆ!

ಹಳೆಯ ಲೇತ್ ನೋಡುವುದು ಹೇಗೆಂದು ಮೊದಲೇ ಕೇಳಿ ತಿಳಿದುಕೊಂಡಿದ್ದೆ. ನಿಮಗೂ ಉಪಯೋಗಕ್ಕೆ ಬಂದೀತು, ಹೇಳುತ್ತೇನೆ. ಮೊದಲು ಬೆಲ್ಟು ಕಳಚಿ ತಿರುಗುವ ಭಾಗವನ್ನು ಕೈಯಿಂದ ತಿರುಗಿಸಬೇಕು. ನುಣ್ಣಗೆ ತಿರುಗಬೇಕು, ಕರಕರ ಎಂದರೆ ಬೇರಿಂಗು ಹೋಗಿದೆ ಎಂದರ್ಥ. ಮೇಲೆ ಕೆಳಗೆ ಅಲುಗಿಸಿದರೆ ಅಲುಗಬಾರದು. ಎಡಗಡೆಯ ತಲೆಯಲ್ಲೊಂದು, ಬಲಗಡೆಯ ಬಾಲದಲ್ಲೊಂದು ಚೂಪು ಮೊನೆ ಇರುತ್ತದೆ. ಬಾಲವನ್ನು ತಳ್ಳಿಕೊಂಡು ಹೋಗಿ ಎರಡು ಮೊನೆಗಳನ್ನೂ ಮೂಗಿಗೆ ಮೂಗು ತಾಗಿಸಿದರೆ ಸರಿಯಾಗಿ ಕೂಡಬೇಕು. ಕೊನೆಯದು, ಬೀಡು ಕಬ್ಬಿಣವನ್ನು ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ನೋಡುವುದು. ಸಂತೆಯಲ್ಲಿ ಮಡಕೆ ತಟ್ಟಿ ನೋಡುತ್ತೇವಲ್ಲ, ಹಾಗೆ. ಠಣ್ ಎಂದರೆ ಗಟ್ಟಿ. ಮಂಕು ಸದ್ದು ಬಂದರೆ ಎಲ್ಲೋ ಬಿರುಕಿದೆ.

ಎಲ್ಲ ಸರಿಯಿತ್ತು. ಬೇರಿಂಗು ಮಾತ್ರ ಸ್ವಲ್ಪ ಗೊಣಗುತ್ತಿತ್ತು. ತಟ್ಟುತ್ತ ಬೆಡ್ಡಿನ ಮುಂಭಾಗಕ್ಕೆ ಬಂದಾಗ ಎಣ್ಣೆ, ಹೊಟ್ಟಿನ ಪದರದ ಕೆಳಗೆ ಕೆಂಪು ಅಕ್ಷರ ಕಂಡವು. ಬಟ್ಟೆಯಿಂದ ಒರೆಸಿದೆ. ನಮ್ಮ ಬ್ಯಾಂಕಿಗೆ ಅಡವು ಎಂದು ಸಾಲ ಕೊಟ್ಟಾಗ ಬರೆಸಿದ್ದ ಬರಹ.

"ಇದನ್ನ ಇನ್ನೂ ಅಳಿಸಿಲ್ವಾ ಮೇಸ್ತ್ರಿ? ಸಾಲ ತೀರಿ ಎಷ್ಟು ವರ್ಷ ಆಯ್ತು!"

"89ರಲ್ಲಿ ತೀರ್ತು ಸಾರ್. ಸಾಲ ತೀರಿದ ಕಾಗದ ಬಂದ ಮೇಲೆ ಅಳಿಸಾಣ ಅಂತಿದ್ದೆ. ನಿಮ್ಮ ಕೌಂಟರಿಗೇ ಬಂದಿದ್ದೆ. ಮಾರ್ಚ್ ಲೆಕ್ಕ ನಡೀತೈತೆ, ಮುಂದಿನ ವಾರ ಬನ್ನಿ ಅಂದ್ರಿ. ಆಮೇಲೂ ಎರಡು ಸಲ ಬಂದೆ. ಮೂರನೇ ಸಲ ಬಂದಾಗ ನಿಮಗೆ ವರ್ಗ ಆಗಿತ್ತು. ಆಮೇಲೆ ನಾನೂ ಬಿಟ್ಟುಬಿಟ್ಟೆ."

ನೋಟಿಸು ಓದಿದ್ದು ನನಗೆ ನೆನಪಿತ್ತು. ಇದು ನೆನಪೇ ಇರಲಿಲ್ಲ. ಬಾಕಿ ಕೇಳಲು ನಾವು ಅವರ ಮನೆಯವರೆಗೂ ನಡೆದು ಹೋಗಿದ್ದೆವು. ಬಾಕಿ ಇಲ್ಲ ಎಂದು ಬರೆದುಕೊಡಲು ಕೂತ ಕುರ್ಚಿಯಿಂದ ಏಳುವುದೂ ಬೇಕಿರಲಿಲ್ಲ. ನಾಲ್ಕು ಸಾಲಿನ ಕಾಗದ, ಒಂದು ಸೀಲು, ಒಂದು ಸಹಿ. ಆ ನಾಲ್ಕು ಸಾಲಿಲ್ಲದೆ ಈ ಮನುಷ್ಯ ಮೂವತ್ತಾರು ವರ್ಷ ತನ್ನದೇ ಯಂತ್ರದ ಮೇಲೆ ಬೇರೆಯವರ ಹೆಸರಿಟ್ಟುಕೊಂಡು ದುಡಿದಿದ್ದರು. ಮಧ್ಯೆ ಪ್ಲಾಸ್ಟಿಕ್ ಆಟಿಕೆ ಬಂದು ಇವರ ಕೆಲಸಕ್ಕೆ ಪೆಟ್ಟು ಬಿದ್ದಾಗಲೂ ಯಂತ್ರ ಮಾರಿರಲಿಲ್ಲ.

"ಮೇಸ್ತ್ರಿ, ತಪ್ಪು ನಂದು. ಆವತ್ತು ಅಂಗಳದಲ್ಲಿ ಗಟ್ಟಿಯಾಗಿ ಓದಿದ್ದೂ ತಪ್ಪೇ" ಎಂದೆ. ದನಿ ಸರಿಯಾಗಿ ಹೊರಡಲಿಲ್ಲ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಆವತ್ತು ಬೇಜಾರಾಗಿತ್ತು ಸಾರ್. ಇಲ್ಲ ಅನ್ನಕ್ಕಾಗಲ್ಲ. ನನ್ನ ಹೆಂಡ್ರು ಎಂಟು ದಿನ ನಲ್ಲಿ ಹತ್ರ ಹೋಗ್ಲಿಲ್ಲ" ಎಂದರು. ಅಷ್ಟೇ. ಪರವಾಗಿಲ್ಲ ಎಂದು ಅವರು ಹೇಳಲಿಲ್ಲ, ನಾನೂ ಹೇಳಿಸಿಕೊಳ್ಳಲಿಲ್ಲ.

ಅವರು 20,000 ಕೇಳಿದರು. ಹದಿನಾಲ್ಕರಿಂದ ಚೌಕಾಸಿ ಶುರು ಮಾಡಬೇಕೆಂದು ಬಸ್ಸಿನಲ್ಲಿ ಲೆಕ್ಕ ಹಾಕಿಕೊಂಡು ಬಂದಿದ್ದೆ. ಬಾಯಿ ಬರಲಿಲ್ಲ. ಅಂಗಡಿಗೆ ಹೋಗಿ ಒಂದು ಹಾಳೆ, ಒಂದು ರೂಪಾಯಿಯ ರೆವಿನ್ಯೂ ಸ್ಟಾಂಪು ತಂದೆ. ಐದು ಸಾವಿರಕ್ಕೆ ಮೇಲಿನ ರಸೀದಿಗೆ ಅದು ಬೇಕೇ ಬೇಕು. ಎರಡು ಪ್ರತಿ ಬರೆದೆ. ಈ ಲೇತ್ ಸಂಪೂರ್ಣವಾಗಿ ಇವರದೇ ಆಗಿದ್ದು, ಇದರ ಮೇಲಿನ ಸಾಲ 1989ರಲ್ಲೇ ಪೂರ್ತಿ ತೀರಿದೆ ಎಂಬುದನ್ನು ಆಗಿನ ಗುಮಾಸ್ತನಾದ ನಾನು ಬಲ್ಲೆ, ಯಾವ ಬ್ಯಾಂಕಿನ ಋಣವೂ ಇಲ್ಲದ ಯಂತ್ರವನ್ನು ಇವರಿಂದ ಕೊಂಡಿದ್ದೇನೆ ಎಂದು ಬರೆದು ಸಹಿ ಹಾಕಿದೆ. ಬ್ಯಾಂಕಿನ ಕಾಗದದ ಬೆಲೆ ಇದಕ್ಕಿಲ್ಲ, ಗೊತ್ತು. ಮೇಸ್ತ್ರಿ ಅದನ್ನು ಮಗನ ಕೈಲಿ ಎರಡು ಸಲ ಓದಿಸಿ, ಮಡಿಸಿ, ಒಳಗೆ ಹೋಗಿ ಟ್ರಂಕಿನಲ್ಲಿಟ್ಟು ಬಂದರು. ಆಮೇಲೆ ಒಂದು ತುಂಡು ಉಪ್ಪುಕಾಗದ ನನಗೆ ಕೊಟ್ಟು, ಇನ್ನೊಂದು ತಾವು ಹಿಡಿದರು. ಇಬ್ಬರೂ ಕೂತು ಆ ಕೆಂಪು ಅಕ್ಷರಗಳನ್ನು ಉಜ್ಜಿದೆವು. ಹತ್ತು ನಿಮಿಷದಲ್ಲಿ ಹೋಯಿತು.

ಇನ್ನು ಸಾಗಿಸುವ ಕತೆ. ಮಕ್ಕಳೇ, ಇದು ನಿಮಗೆ.

ಭಾರದ ವಸ್ತು ಸಾಗಿಸಲು ಮೊದಲ ಉಪಾಯ, ಅದನ್ನು ಭಾರವಾಗಿ ಸಾಗಿಸದಿರುವುದು. ಮುಂದಿನ ಭಾನುವಾರ ಮೊಮ್ಮಗನನ್ನೂ ಕರೆದುಕೊಂಡು ಹೋದೆ. ತುಕ್ಕು ಹಿಡಿದ ಬೋಲ್ಟುಗಳಿಗೆ ಮೇಸ್ತ್ರಿ ಹಿಂದಿನ ರಾತ್ರಿಯೇ ಸೀಮೆಎಣ್ಣೆ ಬಿಟ್ಟಿದ್ದರು. ಬಿಚ್ಚುವ ಮುಂಚೆ ಮೊಮ್ಮಗ ಪ್ರತಿ ಭಾಗದ ಫೋಟೋ ತೆಗೆದ, ಸೀಮೆಸುಣ್ಣದಿಂದ ನಂಬರು ಹಾಕಿದ. ಬೋಲ್ಟುಗಳೆಲ್ಲ ಹಾರ್ಲಿಕ್ಸ್ ಬಾಟಲಿಗೆ. ಮೋಟರು 16 ಕೆಜಿ, ಬಾಲ 28, ಉಳಿ ಇಡುವ ಆಸರೆ, ಚಿಲ್ಲರೆ ಸಾಮಾನು 12, ಕಾಲುಗಳು ತಲಾ 35. ಒಟ್ಟು 126 ಕಳೆದು ಉಳಿದದ್ದು ತಲೆ ಸಮೇತ ಬೆಡ್ಡು, 154 ಕೆಜಿ. ಅದನ್ನು ಎರಡು ದಪ್ಪ ಮರದ ಪಟ್ಟಿಗಳಿಗೆ ಬೋಲ್ಟು ಹಾಕಿ ಬಿಗಿದೆವು.

ಟಾಟಾ ಏಸ್ ಗಾಡಿ ಓಣಿಯೊಳಗೆ ಬರುವುದಿಲ್ಲ. ಪ್ಲಂಬರ್ ಅಂಗಡಿಯಿಂದ ತಂದ ಒಂದೂವರೆ ಇಂಚಿನ ಪೈಪಿನ ಐದು ತುಂಡುಗಳನ್ನು ಪಟ್ಟಿಯ ಕೆಳಗೆ ಅಡ್ಡಡ್ಡ ಇಟ್ಟು ತಳ್ಳಿದೆವು. ಹಿಂದೆ ಬಿದ್ದ ಪೈಪನ್ನು ಎತ್ತಿ ಮುಂದೆ ಇಡುವುದು, ಮತ್ತೆ ತಳ್ಳುವುದು. ನಾಲ್ವರು ಹಮಾಲರು ಬಂದಿದ್ದರು. ಓಣಿಯಲ್ಲಿ ಇಬ್ಬರೇ ಸಾಕಾಯಿತು. ಗಾಡಿಯ ಎತ್ತರ ಎರಡೂವರೆ ಅಡಿ, ಇಳಿಜಾರಾಗಿ ಇಟ್ಟ ಹಲಗೆ ಹತ್ತಡಿ. ಎತ್ತರಕ್ಕಿಂತ ಹಾದಿ ನಾಲ್ಕರಷ್ಟು ಉದ್ದವಾದರೆ ಎಳೆಯುವ ಭಾರ ಸುಮಾರು ನಾಲ್ಕನೇ ಒಂದು ಭಾಗವಾಗುತ್ತದೆ, ಉಜ್ಜಾಟಕ್ಕೆ ಸ್ವಲ್ಪ ಹೆಚ್ಚು. ಬೆಟ್ಟದ ರಸ್ತೆಯನ್ನು ಸುತ್ತಿಸಿ ಸುತ್ತಿಸಿ ಮಾಡುವುದೂ ಇದೇ ಲೆಕ್ಕದಲ್ಲಿ.

ಮೇಸ್ತ್ರಿ, "ನಾನೂ ಬತ್ತೀನಿ ಸಾರ್, ಕೂರ್ಸಿಕೊಟ್ಟು ಬತ್ತೀನಿ" ಎಂದು ಗಾಡಿ ಹತ್ತಿದರು. ಡ್ರೈವರು ನಿಧಾನಕ್ಕೆ ಹೋಗಬಹುದೆಂದು ಹಳೆಯ ರಸ್ತೆಯನ್ನೇ ಹಿಡಿದ. ಮದ್ದೂರಿನಲ್ಲಿ ವಡೆ ತಿಂದೆವು. ಮಂಡ್ಯ, ಶ್ರೀರಂಗಪಟ್ಟಣ ದಾಟಿ ಮೈಸೂರು ಸೇರುವಾಗ ಸಂಜೆ ನಾಲ್ಕು.

ತಪ್ಪಾದದ್ದು ನಮ್ಮ ಮನೆಯ ಗೇಟಿನಲ್ಲಿ. ಅದೂ ನನ್ನಿಂದ. ಮೈಸೂರಿನಲ್ಲಿ ಇಬ್ಬರೇ ಆಳು ಸಿಕ್ಕಿದ್ದರು. ಮೇಸ್ತ್ರಿ, "ಚರಂಡಿ ಚಪ್ಪಡಿ ಮೇಲೆ ಹಲಗೆ ಹಾಸಿ" ಎಂದರು. ಮೋಡ ಕವಿದಿತ್ತು. ಮಳೆ ಬಂದರೆ ಬೆಡ್ಡಿಗೆ ತುಕ್ಕು ಹಿಡಿಯುತ್ತದೆಂಬ ಅವಸರದಲ್ಲಿ ನಾನು, "ಲಾರಿಯೇ ಹೋಗಿದೆ ಅದರ ಮೇಲೆ, ನೂಕಿ" ಎಂದೆ. ಚಪ್ಪಡಿ ಒಡೆಯಲಿಲ್ಲ, ಆದರೆ ಎರಡು ಚಪ್ಪಡಿಗಳ ನಡುವಿನ ಸಂದಿಗೆ ಪೈಪು ಇಳಿಯಿತು. ಲೇತಿಗೆ ತಲೆಭಾರ ಹೆಚ್ಚು. ತಲೆಯ ಕಡೆ ವಾಲತೊಡಗಿತು. ನಾನು ಯೋಚಿಸದೆ ಮುಂದೆ ಹೋಗಿ ಎರಡೂ ಕೈ ಕೊಟ್ಟೆ.

"ಕೈ ತೆಗೀರಿ ಸಾರ್! ಬಿದ್ರೆ ಬೀಳ್ಲಿ!"

ಹಾಗೆ ಕೂಗಿದ್ದಷ್ಟೇ ಅಲ್ಲ, ಮೇಸ್ತ್ರಿ ನನ್ನ ಅಂಗಿಯ ಕಾಲರು ಹಿಡಿದು ಹಿಂದಕ್ಕೆ ಎಳೆದರು. ನಾನು ಕಾಂಪೌಂಡಿಗೆ ಒರಗಿ ಕೂತುಬಿಟ್ಟೆ. ಲೇತ್ ಮಗ್ಗುಲಾಗಿ, ನಾನು ನಿಂತಿದ್ದ ಜಾಗದಲ್ಲೇ ದಪ್ಪೆಂದು ಬಿತ್ತು. ಪುಣ್ಯಕ್ಕೆ ಇಳಿಸುವಾಗ ಹಾಕಿದ್ದ ಹಳೆ ಟೈರು ಅಲ್ಲೇ ಇತ್ತು, ಬಿದ್ದದ್ದು ಅದರ ಮೇಲೆ. ಬೆಲ್ಟಿನ ಮುಚ್ಚಳ ಮುರಿಯಿತು, ಬೇರೇನೂ ಆಗಲಿಲ್ಲ. ಗೇಟಿನ ಒಳಗೆ ನಿಂತಿದ್ದ ಮೊಮ್ಮಗನ ಮುಖ ಬಿಳುಚಿಕೊಂಡಿತ್ತು.

ಮೇಸ್ತ್ರಿಗೆ ಆ ಲೇತ್ ನಲವತ್ತು ವರ್ಷದ ಅನ್ನ. ಬೀಡು ಕಬ್ಬಿಣ ಬಿದ್ದರೆ ಬಗ್ಗುವುದಿಲ್ಲ, ಒಡೆದೇ ಹೋಗುತ್ತದೆ ಎಂಬುದು ನನಗಿಂತ ಚೆನ್ನಾಗಿ ಅವರಿಗೆ ಗೊತ್ತು. ಆದರೂ ಅವರು ಹಿಡಿದದ್ದು ಲೇತನ್ನಲ್ಲ, ನನ್ನ ಕಾಲರನ್ನು. ಯಂತ್ರವನ್ನು ಎತ್ತಿಕೊಂಡು ಹೋಗುತ್ತೇವೆ ಎಂದು ಒಂದು ದಿನ ಅವರ ಅಂಗಳದಲ್ಲಿ ಕೂಗಿದ್ದವನ ಕಾಲರನ್ನು.

ನನ್ನಾಕೆ ಹೊರಗೆ ಬಂದರು. ಬೈಯುತ್ತಾರೆಂದು ಕಾದೆ. ಒಂದು ಮಾತೂ ಆಡದೆ ಒಳಗೆ ಹೋಗಿ ಎಲ್ಲರಿಗೂ ಕಾಫಿ ತಂದರು. ಬೈಗುಳ ರಾತ್ರಿಗೆ ಇತ್ತು, ಅದು ಬೇರೆ.

ಕಾಫಿ ಕುಡಿದು, ಹಲಗೆ ಹಾಸಿ, ಮೇಸ್ತ್ರಿ ಹೇಳಿದಂತೆ ಒಳಗೆ ತಂದೆವು. ಬೆಡ್ಡನ್ನು ಕಾಲುಗಳ ಮೇಲೆ ಕೂರಿಸಬೇಕು. ಎತ್ತುವುದು ಹೇಗೆ? ಐದಡಿಯ ಹಾರೆ ತಂದೆವು. ತುದಿಯಿಂದ ಐದು ಇಂಚಿಗೆ ಮರದ ದಿಮ್ಮಿಯ ಆಸರೆ ಕೊಟ್ಟರೆ ಈ ಕಡೆ ಐವತ್ತೈದು ಇಂಚು. ಅಂದರೆ ಒಂದಕ್ಕೆ ಹನ್ನೊಂದು. ಬೆಡ್ಡಿನ ಒಂದು ತುದಿಗೆ ಬರುವುದು ಅಂದಾಜು ಅರ್ಧ ಭಾರ, 77 ಕೆಜಿ. ಹನ್ನೊಂದರಿಂದ ಭಾಗಿಸಿದರೆ ಏಳು ಕೆಜಿ. ತಲೆಯ ಕಡೆ ಇನ್ನೂ ಸ್ವಲ್ಪ ಜಾಸ್ತಿ. ಗ್ರೀಸಿನ ಆರ್ಕಿಮಿಡೀಸ್ ಎರಡು ಸಾವಿರ ವರ್ಷಕ್ಕೂ ಹಿಂದೆ ವಿವರಿಸಿದ ಸನ್ನೆಯ ಲೆಕ್ಕ ಇದು. ಬಾಲದ ಕಡೆಯ ಹಾರೆಯನ್ನು ಮೊಮ್ಮಗನ ಕೈಗೇ ಕೊಟ್ಟೆವು. ಒತ್ತಿದ, ಬೆಡ್ಡು ಎದ್ದಿತು! ಪ್ರತಿ ಸಲ ಎದ್ದಷ್ಟಕ್ಕೂ ದೊಡ್ಡವರು ಕೆಳಗೆ ಮರದ ತುಂಡು ಇಟ್ಟರು, ಬೆರಳು ಒಳಗೆ ಹಾಕದೆ ಕೋಲಿನಿಂದ ತಳ್ಳಿದರು. ಇಂಚು ಇಂಚಾಗಿ ಒಂದೂವರೆ ಗಂಟೆಯಲ್ಲಿ ಕೂತಿತು.

ನನ್ನ ವೃತ್ತಿಧರ್ಮ ಬಿಡಲಾರೆ, ಲೆಕ್ಕ ಒಪ್ಪಿಸುತ್ತೇನೆ. ಲೇತ್ 20,000. ಗಾಡಿ ಬಾಡಿಗೆ 4,500. ಎರಡೂ ಕಡೆಯ ಆಳುಗಳು 2,400. ಪ್ರತ್ಯೇಕ ವಿದ್ಯುತ್ ಪಾಯಿಂಟು, ಅರ್ಥಿಂಗ್ ಸೇರಿ ಎಲೆಕ್ಟ್ರಿಷಿಯನ್ 1,800. ಹೊಸ ಬೇರಿಂಗು, ಬೆಲ್ಟು 1,650. ಪೈಪು, ಹಗ್ಗ 650. ಒಟ್ಟು 31,000. ಹಳೆಯ ಯಂತ್ರ ಕೊಳ್ಳುವವರು ಬೆಲೆಯ ಅರ್ಧಕ್ಕಿಂತ ಹೆಚ್ಚು ಹಣ ಬೇರೆಯಾಗಿ ಇಟ್ಟುಕೊಂಡಿರಬೇಕು. ನಾನು ಇಟ್ಟುಕೊಂಡಿರಲಿಲ್ಲ. ಫಿಕ್ಸೆಡ್ ಡಿಪಾಸಿಟ್ ಒಂದನ್ನು ಅವಧಿಗೆ ಮುಂಚೆ ಮುರಿಸಿದೆ. ಗ್ರಾಹಕರಿಗೆ ಮುರಿಸಬೇಡಿ ಎಂದು ಹೇಳುತ್ತಿದ್ದವನು ನಾನು.

ಹದಿನೈದು ದಿನ ಬಿಟ್ಟು, ಬೇರಿಂಗು ಹಾಕಿಸಿದ ಮೇಲೆ, ಮೇಸ್ತ್ರಿ ಮತ್ತೆ ಬಂದರು. ನಾನು ಪಂಚೆ ಉಟ್ಟು ಹೆಗಲಿಗೆ ಟವೆಲು ಹಾಕಿಕೊಂಡು ನಿಂತಿದ್ದೆ. "ಮೊದ್ಲು ಅವೆರಡನ್ನೂ ಬಿಟ್ಟು ಬನ್ನಿ" ಎಂದರು. ತಿರುಗುವ ಮರ ಬಟ್ಟೆಯ ತುದಿ ಹಿಡಿದರೆ ಮನುಷ್ಯನನ್ನೇ ಎಳೆದುಕೊಳ್ಳುತ್ತದೆ. ತುಂಬುತೋಳಿನ ಅಂಗಿ, ಕೈಗವಸು, ಕತ್ತಿನ ಸರ ಯಾವುದೂ ಕೂಡದು. ಕಣ್ಣಿಗೆ ಕನ್ನಡಕ ಬೇಕು. ಸ್ವಿಚ್ ಹಾಕುವ ಮುಂಚೆ ಮರವನ್ನು ಕೈಯಿಂದ ಒಂದು ಸುತ್ತು ತಿರುಗಿಸಿ, ಎಲ್ಲೂ ತಾಗುವುದಿಲ್ಲವೆಂದು ನೋಡಬೇಕು. ಮರ ದಪ್ಪವಾದಷ್ಟೂ ವೇಗ ಕಡಿಮೆ ಇರಬೇಕು. ನಿಮಿಷಕ್ಕೆ 1,500 ಸುತ್ತಿನಲ್ಲಿ ಎರಡಿಂಚಿನ ಕೋಲಿನ ಅಂಚು ಸುಮಾರು 240 ಮೀಟರ್ ಓಡಿದರೆ, ಎಂಟಿಂಚಿನ ಬಟ್ಟಲಿನ ಅಂಚು ಅದರ ನಾಲ್ಕರಷ್ಟು ಓಡುತ್ತದೆ.

ಅವರು ತಂದಿದ್ದ ಆಲೆ ಮರದ ತುಂಡನ್ನು ಸಿಕ್ಕಿಸಿ ನನ್ನ ಕೈಗೆ ಉಳಿ ಕೊಟ್ಟರು. ಹಿಂದೆ ನಿಂತು ನನ್ನ ಕೈ ಮೇಲೆ ತಮ್ಮ ಕೈಯಿಟ್ಟರು. ಅವರ ಕೈ ನಡುಗುತ್ತಿತ್ತು, ಉಳಿ ಮರಕ್ಕೆ ತಾಗಿದ ಕೂಡಲೇ ನಡುಕ ನಿಂತಿತು. ಬೆಣ್ಣೆಯ ಹಾಗೆ ಸುರುಳಿ ಸುರುಳಿ ಹೊಟ್ಟು ಬಂತು. ತಿರುಗುತ್ತಿರುವಾಗಲೇ ಅರಗಿನ ಕಡ್ಡಿ ಒತ್ತಿದರು. ಉಜ್ಜಿದ ಬಿಸಿಗೆ ಅರಗು ಕರಗಿ ಕೆಂಪು ಪಟ್ಟೆ ಹರಡಿತು. ಕೇದಗೆ ಎಲೆ ಹಿಡಿದಾಗ ಪಳಪಳ ಹೊಳೆಯಿತು. ಕೊನೆಗೆ ಮೊಳೆ.

ಮೊಮ್ಮಗ ಚಾಟಿ ಸುತ್ತಿ ಬಿಟ್ಟ. ಬುಗುರಿ ನಿಂತಲ್ಲೇ ನಿಂತು, ಅಲುಗಾಡದೆ, ನಿದ್ದೆ ಹೋದ ಹಾಗೆ ತಿರುಗಿತು. ಮೂವರೂ ಉಸಿರು ಬಿಗಿಹಿಡಿದು ನೋಡಿದೆವು.

"ತಾತ, ಇದನ್ನ ನೀವು ಮಾಡಿದ್ದಾ, ಮೇಸ್ತ್ರಿ ತಾತ ಮಾಡಿದ್ದಾ?" ಎಂದ.

"ಮೇಸ್ತ್ರಿ ತಾತಂದು ಕಣೋ. ನಾನು ಕೈ ಇಟ್ಟಿದ್ದೆ ಅಷ್ಟೆ" ಎಂದೆ.

ಈಗ ತಿಂಗಳಿಗೊಮ್ಮೆ ಮೇಸ್ತ್ರಿ ಬರುತ್ತಾರೆ. ಬಸ್ ಚಾರ್ಜು ಕೊಡಲು ಹೋದರೆ ತೆಗೆದುಕೊಳ್ಳುವುದಿಲ್ಲ, ನನ್ನಾಕೆ ಮಾಡಿದ ಉಪ್ಪಿನಕಾಯಿ ಮಾತ್ರ ಒಯ್ಯುತ್ತಾರೆ. ಅವರ ಕಣ್ಣಿನ ಆಪರೇಷನ್‌ಗೆ ದಿನ ಗೊತ್ತಾಗಿದೆ. ಅದಕ್ಕೆ ಬೇಕಾದ ಕಾಗದ ಪತ್ರಗಳನ್ನೆಲ್ಲ ನಾನೇ ತುಂಬಿಕೊಟ್ಟಿದ್ದೇನೆ. ಮುಂದಿನ ವಾರ ಬನ್ನಿ ಎನ್ನಲಿಲ್ಲ, ಆ ದಿನವೇ ತುಂಬಿದೆ.